ಲೂಥರನ್ ಸಭೆಯ ವಾರದ ಆರಾಧನೆ ಮತ್ತು ಮನೆಯ ಪ್ರಾರ್ಥನೆ

ಲೂಥರನ್ ಪಂಥವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಓದುವ ಚರಿತ್ರೆಯ ಪುಸ್ತಕಗಳು 1517ರ 95 ವಾದಸೂತ್ರಗಳನ್ನೂ ಪೋಪರೊಡನೆ ನಡೆದ ವಿವಾದವನ್ನೂ ಜರ್ಮನಿಯ ಅರಸರ ರಾಜಕಾರಣವನ್ನೂ ವಿಸ್ತಾರವಾಗಿ ಹೇಳುತ್ತವೆ. ಆದರೆ ಆ ಪಂಥಕ್ಕೆ ಸೇರಿದ ಸಾಮಾನ್ಯ ಗೃಹಸ್ಥನೊಬ್ಬನು ಭಾನುವಾರ ದೇವಾಲಯದಲ್ಲಿ ಏನು ಮಾಡಬೇಕಾಗಿತ್ತು, ಸೋಮವಾರ ಬೆಳಿಗ್ಗೆ ತನ್ನ ಮನೆಯಲ್ಲಿ ಏನು ಮಾಡಬೇಕಾಗಿತ್ತು ಎಂಬ ವಿಷಯ ಅವುಗಳಲ್ಲಿ ದೊರೆಯುವುದು ಅಪೂರ್ವ. ಮತದಲ್ಲಾದ ಮಾರ್ಪಾಟನ್ನು ಅಳೆಯಬೇಕಾದರೆ ಪಂಡಿತರ ವಾದಗಳಿಗಿಂತ ಇಂಥ ನಿತ್ಯಾಚರಣೆಗಳೇ ಹೆಚ್ಚು ನಂಬತಕ್ಕ ಅಳತೆಗೋಲುಗಳು. ಆದಕಾರಣ ಸ್ಯಾಕ್ಸನಿಯ ವಿಟ್ಟೆನ್‌ಬರ್ಗ್ ನಗರದಲ್ಲಿ 1523ರಿಂದ 1529ರವರೆಗೆ ಈ ಆರಾಧನಾಕ್ರಮ ರೂಪುಗೊಂಡ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ದೇವಾಲಯದ ಆರಾಧನೆಯೂ ಮನೆಯ ಪ್ರಾರ್ಥನೆಯೂ ಒಂದೇ ಏರ್ಪಾಡಿನ ಎರಡು ಅಂಗಗಳೆಂಬುದೂ, ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರದೆಂಬುದೂ ನಮ್ಮ ಪ್ರತಿಪಾದನೆ.

1

ಮೊದಲು ಭಾಷೆಯ ವಿಷಯವನ್ನು ವಿಚಾರಿಸೋಣ. ಮಾರ್ಟಿನ್ ಲೂಥರನ (1483–1546) ಕಾಲಕ್ಕೆ ಮುಂಚೆಯೂ ಜರ್ಮನಿಯ ದೇವಾಲಯಗಳಲ್ಲಿ ಜನರ ಭಾಷೆಯ ಉಪದೇಶವಿತ್ತು. ಹಬ್ಬಗಳಲ್ಲಿ ಹಾಡುವ ಕೆಲವು ಜರ್ಮನ್ ಹಾಡುಗಳೂ ಇದ್ದುವು. ಆದರೆ ಪೂಜಾವಿಧಿಯ ಒಡಲೆಲ್ಲ ಲ್ಯಾಟಿನ್ ಭಾಷೆಯಲ್ಲಿತ್ತು. ಗುರುವು ವೇದಿಯ ಮುಂದೆ ಮಂತ್ರಗಳನ್ನು ನುಡಿಯುತ್ತಿದ್ದನು. ಜನರು ನೋಡುತ್ತ ನಿಲ್ಲುತ್ತಿದ್ದರು. ಕರ್ತನ ಭೋಜನದಲ್ಲಿ ಜನರಿಗೆ ರೊಟ್ಟಿ ಮಾತ್ರ ದೊರೆಯುತ್ತಿತ್ತು, ಪಾನಪಾತ್ರೆ ದೊರೆಯುತ್ತಿರಲಿಲ್ಲ.

ಇದನ್ನು ತಿದ್ದುವ ಕಾರ್ಯದಲ್ಲಿ ಲೂಥರನು ಅವಸರಪಡಲಿಲ್ಲವೆಂಬುದು ಗಮನಾರ್ಹವಾದುದು. 1523ರಲ್ಲಿ ಅವನು ಪ್ರಕಟಿಸಿದ ಪೂಜಾಕ್ರಮ ಲ್ಯಾಟಿನಿನಲ್ಲಿಯೇ ಇತ್ತು. ಪೂಜೆಯು ಮನುಷ್ಯನು ದೇವರಿಗೆ ಅರ್ಪಿಸುವ ಬಲಿ ಎಂಬ ಅರ್ಥ ಕೊಡುವ ಭಾಗಗಳನ್ನು ತೆಗೆದುಹಾಕಿ, ಉಳಿದುದನ್ನು ಅವನು ಉಳಿಸಿಕೊಂಡನು. ಆಲ್‌ಸ್ಟೆಟ್ ಎಂಬ ಊರಿನಲ್ಲಿ ಥಾಮಸ್ ಮ್ಯುಂಟ್ಸರನು ಅದೇ ವರ್ಷ ಪೂರ್ಣ ಜರ್ಮನ್ ಪೂಜೆಯನ್ನು ಆರಂಭಿಸಿದರೂ ಲೂಥರನು ತಡೆದನು. ಇದಕ್ಕೆ ಅವನು ಕೊಟ್ಟ ಕಾರಣ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದುದು. ಲ್ಯಾಟಿನ್ ರಾಗಕ್ಕೆ ಜರ್ಮನ್ ಮಾತುಗಳನ್ನು ತುಂಬಿದ ಮಾತ್ರಕ್ಕೆ ಅದು ಜರ್ಮನ್ ಆರಾಧನೆಯಾಗದು. ಮಾತು, ರಾಗ, ಒತ್ತು, ಉಚ್ಚಾರಣೆಯ ರೀತಿ ಇವೆಲ್ಲವೂ ತಾಯ್ನುಡಿಯ ಒಳಗಿನಿಂದಲೇ ಹುಟ್ಟಬೇಕು. ಇಲ್ಲದಿದ್ದರೆ ಅದು ಕೇವಲ ಅನುಕರಣೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಇದಕ್ಕಾಗಿ ಅವನು ಮೊದಲು ಹಾಡುಗಳನ್ನು ಸಿದ್ಧಪಡಿಸಿದನು. 1524ರಲ್ಲಿ 8 ಹಾಡುಗಳ ಒಂದು ಸಣ್ಣ ಸಂಗ್ರಹ ಅಚ್ಚಾಯಿತು. ಅದೇ ವರ್ಷ ಯೋಹಾನ್ ವಾಲ್ಟರನು ಸ್ವರ ಜೋಡಿಸಿದ ಗಾಯನಗ್ರಂಥವೂ ಹೊರಬಂದಿತು. ವಾಲ್ಟರ್ ಮೊದಲಾದ ಸಂಗೀತಗಾರರ ನೆರವಿನಿಂದ ರೂಪಿಸಿದ ಜರ್ಮನ್ ಪೂಜಾಕ್ರಮವನ್ನು 1525ರ ಅಕ್ಟೋಬರಿನಲ್ಲಿ ಪ್ರಯೋಗವಾಗಿ ನಡೆಸಿ, ಕ್ರಿಸ್ಮಸ್ಸಿನಿಂದ ರೂಢಿಗೆ ತಂದು, 1526ರಲ್ಲಿ ಅಚ್ಚುಹಾಕಿಸಿದರು.

2

ಈ ಕ್ರಮದಲ್ಲಿ ಭಾನುವಾರದ ಮುಖ್ಯ ಆರಾಧನೆ ಒಂದು ಹಾಡಿನಿಂದ, ಇಲ್ಲವೆ ಜರ್ಮನ್ ಭಾಷೆಯ ಒಂದು ಕೀರ್ತನೆಯಿಂದ ಆರಂಭವಾಗುತ್ತದೆ. ಬಳಿಕ ದೇವರ ಕರುಣೆಯನ್ನು ಬೇಡುವ ವಾಕ್ಯವನ್ನು ಹಿಂದಿನಂತೆ 9 ಸಲ ಹೇಳದೆ 3 ಸಲ ಹೇಳುತ್ತಾರೆ. ಆಮೇಲೆ ಒಂದು ಚಿಕ್ಕ ಪ್ರಾರ್ಥನೆ, ಅಪೊಸ್ತಲರ ಪತ್ರಿಕೆಯ ಪಾಠ, ಸಭೆಯ ಹಾಡು, ಸುವಾರ್ತೆಯ ಪಾಠ, ಸಭೆಯವರು ಹಾಡಿನ ರೂಪದಲ್ಲಿ ಹೇಳುವ ವಿಶ್ವಾಸಪ್ರಮಾಣ, ಅಂದಿನ ಸುವಾರ್ತೆಯ ಮೇಲೆ ಉಪದೇಶ. ಉಪದೇಶ ಮುಗಿದ ಮೇಲೆ ಕರ್ತನ ಪ್ರಾರ್ಥನೆಯ ವಿವರಣೆ, ಭೋಜನಕ್ಕೆ ಬರುವವರಿಗೆ ಬುದ್ಧಿವಾದ, ಕ್ರಿಸ್ತನು ಭೋಜನವನ್ನು ಸ್ಥಾಪಿಸಿದಾಗ ನುಡಿದ ವಾಕ್ಯಗಳು, ರೊಟ್ಟಿ ಮತ್ತು ದ್ರಾಕ್ಷಾರಸಗಳ ವಿತರಣೆ, ಕೃತಜ್ಞತೆಯ ಪ್ರಾರ್ಥನೆ, ಕೊನೆಯಲ್ಲಿ ಆಶೀರ್ವಾದ.

ಈ ಅನುಕ್ರಮದಲ್ಲಿ ಎರಡು ಅಂಶಗಳನ್ನು ಗುರುತಿಸಬೇಕು. ಮೊದಲನೆಯದು, ಸಭೆಯವರ ಹಾಡು ಇಲ್ಲಿ ಅಲಂಕಾರವಲ್ಲ. ಅದು ವಿಧಿಯ ಅಂಗವೇ ಆಗಿದೆ. ಹಿಂದೆ ಗಾಯಕವೃಂದಕ್ಕೆ ಮೀಸಲಾಗಿದ್ದ ಮಾತುಗಳು ಈಗ ಜನರ ಬಾಯಿಗೆ ಬಂದುವು. ಎರಡನೆಯದು, ಆ ದಿನದ ಸುವಾರ್ತೆಯ ಪಾಠವೇ ಇಡೀ ಆರಾಧನೆಯ ನಡುಗಂಬ. ಎರಡು ಶತಮಾನಗಳ ಬಳಿಕ, 1723ರಲ್ಲಿ, ಲೈಪ್‌ಸಿಗ್ ನಗರದ ಸಂಗೀತಾಧಿಕಾರಿಯಾಗಿ ಬಂದ ಯೋಹಾನ್ ಸೆಬಾಸ್ಟಿಯನ್ ಬಾಖನು ಭಾನುವಾರಗಳಿಗಾಗಿ ರಚಿಸಿದ ಗಾನಕೃತಿಗಳು ಆಯಾ ದಿನದ ಪಾಠವನ್ನೇ ಆಧಾರವಾಗಿಟ್ಟುಕೊಂಡುವು.

ಭಾನುವಾರ ನಸುಕಿನಲ್ಲಿ ಪತ್ರಿಕೆಯ ಮೇಲೆ, ಮುಖ್ಯ ಆರಾಧನೆಯಲ್ಲಿ ಸುವಾರ್ತೆಯ ಮೇಲೆ, ಮಧ್ಯಾಹ್ನ ಹಳೆಯ ಒಡಂಬಡಿಕೆಯ ಮೇಲೆ ಉಪದೇಶ ನಡೆಯಬೇಕೆಂದು ಲೂಥರನು ಬರೆದನು. ಸೋಮವಾರ ಮತ್ತು ಮಂಗಳವಾರ ಬೆಳಿಗ್ಗೆ ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಮುಂತಾದ ಮೂಲಪಾಠಗಳು; ಬುಧವಾರ ಮತ್ತಾಯನ ಸುವಾರ್ತೆ; ಗುರುವಾರ ಶುಕ್ರವಾರ ಪತ್ರಿಕೆಗಳು; ಶನಿವಾರ ಯೋಹಾನನ ಸುವಾರ್ತೆ. ವಿಶ್ವವಿದ್ಯಾನಿಲಯವಿದ್ದ ವಿಟ್ಟೆನ್‌ಬರ್ಗಿಗೆ ಇದು ಸಾಧ್ಯವಿತ್ತು. ಎಲ್ಲ ಊರುಗಳೂ ಇದನ್ನೇ ಅನುಸರಿಸಬೇಕೆಂಬ ಕಟ್ಟಳೆಯನ್ನು ಮಾಡಬಾರದೆಂದು ಅವನೇ ಎಚ್ಚರಿಸಿದ್ದಾನೆ. 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದ ಏಳನೆಯ ಪ್ರಕರಣವೂ, ಸುವಾರ್ತೆಯ ಬೋಧನೆ ಮತ್ತು ಸಂಸ್ಕಾರಗಳ ವಿಷಯದಲ್ಲಿ ಒಮ್ಮತವಿದ್ದರೆ ಸಾಕು, ಮನುಷ್ಯರು ಏರ್ಪಡಿಸಿದ ವಿಧಿಗಳು ಎಲ್ಲೆಡೆಯೂ ಒಂದೇ ತೆರನಾಗಿರಬೇಕಾಗಿಲ್ಲ ಎಂದು ಸಾರುತ್ತದೆ.

3

ಜನರ ಭಾಷೆಯಲ್ಲಿ ಆರಾಧನೆ ನಡೆದರೆ ಜನರಿಗೆ ಅದು ತಿಳಿದೇ ತಿಳಿಯುವುದೆಂದು ಭಾವಿಸುವುದು ಸಹಜ. ಈ ಭಾವನೆ ಎಷ್ಟು ದುರ್ಬಲವಾದುದೆಂಬುದು ಬೇಗನೆ ಹೊರಬಿದ್ದಿತು. ಸ್ಯಾಕ್ಸನಿಯ ಅರಸನ ಅಪ್ಪಣೆಯಂತೆ ಊರೂರಿನ ಸಭೆಗಳ ತನಿಖೆ ನಡೆಯಿತು. 1528ರ ಶರತ್ಕಾಲದಿಂದ ಲೂಥರನೇ ಅದರಲ್ಲಿ ಪಾಲುಗೊಂಡನು. ಹಳ್ಳಿಗಳಲ್ಲಿ ಜನರಿಗೆ ಕರ್ತನ ಪ್ರಾರ್ಥನೆಯಾಗಲಿ ಹತ್ತು ಆಜ್ಞೆಗಳಾಗಲಿ ಬಾರದಿದ್ದುದನ್ನೂ, ಎಷ್ಟೋ ಗುರುಗಳು ಬೋಧಿಸಲು ಅಸಮರ್ಥರಾಗಿದ್ದುದನ್ನೂ ಅವನು ಕಂಡನು. ವಾರಕ್ಕೊಮ್ಮೆ ಕಿವಿಗೆ ಬಿದ್ದ ಮಾತು, ಅದು ತಾಯ್ನುಡಿಯೇ ಆಗಿದ್ದರೂ, ಮನಸ್ಸಿನಲ್ಲಿ ನಿಂತಿರಲಿಲ್ಲ.

1529ರ ‘ಸಣ್ಣ ಪ್ರಶ್ನೋತ್ತರಿ’ ಹುಟ್ಟಿದುದು ಈ ಅನುಭವದಿಂದ. ಅದರ ಪಾಠಗಳು ಮೊದಲು ಗೋಡೆಗೆ ತೂಗುಹಾಕತಕ್ಕ ದೊಡ್ಡ ಹಾಳೆಗಳಾಗಿ ಅಚ್ಚಾದುವು; ಆ ಬಳಿಕ ಪುಸ್ತಕವಾಯಿತು. ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ ಇವು ಅದರ ಮುಖ್ಯ ಭಾಗಗಳು. ಮನೆಯ ಯಜಮಾನನು ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸಬೇಕೆಂಬ ಸೂಚನೆ ಭಾಗಗಳ ತಲೆಬರಹದಲ್ಲಿಯೇ ಇದೆ. ಮನೆಯವರೆಂದರೆ ಹೆಂಡತಿ ಮಕ್ಕಳಷ್ಟೇ ಅಲ್ಲ. ಆಳುಗಳೂ ಕೆಲಸ ಕಲಿಯಲು ಬಂದ ಹುಡುಗರೂ ಅದರಲ್ಲಿ ಸೇರಿದವರು.

ಅದರ ಬೋಧನಾಕ್ರಮ ಶಿಕ್ಷಕರ ಗಮನಕ್ಕೆ ಯೋಗ್ಯವಾಗಿದೆ. ಮೊದಲನೆಯ ಹೆಜ್ಜೆಯಲ್ಲಿ ಒಂದೇ ಪಾಠವನ್ನು ಆರಿಸಿಕೊಂಡು, ಅದರ ಒಂದು ಅಕ್ಷರವನ್ನೂ ವರ್ಷದಿಂದ ವರ್ಷಕ್ಕೆ ಬದಲಿಸದೆ ಬಾಯಿಪಾಠ ಮಾಡಿಸಬೇಕು. ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ ಹೇಳಿಕೊಟ್ಟರೆ ಎಳೆಯರು ಗೊಂದಲಕ್ಕೀಡಾಗುತ್ತಾರೆ. ಎರಡನೆಯ ಹೆಜ್ಜೆಯಲ್ಲಿ ಪ್ರತಿಯೊಂದು ವಾಕ್ಯಕ್ಕೂ ‘ಇದರ ಅರ್ಥವೇನು’ ಎಂಬ ಪ್ರಶ್ನೆಯನ್ನು ಹಾಕಿ ಉತ್ತರವನ್ನು ಕಲಿಸಬೇಕು. ಮೂರನೆಯದಾಗಿ ವಿಸ್ತಾರವಾದ ವಿವರಣೆಗೆ ಹೋಗಬಹುದು. ಉತ್ತರಗಳ ಭಾಷೆಯೂ ಮನೆಯದೇ. ದಿನದ ಆಹಾರವನ್ನು ಬೇಡುವ ವಾಕ್ಯದ ಅರ್ಥವನ್ನು ಬಿಡಿಸುವಾಗ ಲೂಥರನು ಅನ್ನಪಾನಗಳ ಜೊತೆಗೆ ಬಟ್ಟೆ, ಪಾದರಕ್ಷೆ, ಹೊಲ, ದನಕರು, ಒಳ್ಳೆಯ ಹವೆ, ಒಳ್ಳೆಯ ಆಡಳಿತ, ನಂಬಿಕಸ್ಥ ನೆರೆಯವರು ಎಲ್ಲವನ್ನೂ ಎಣಿಸುತ್ತಾನೆ. ಶಾಸ್ತ್ರದ ಮಾತು ಹೀಗೆ ರೈತನ ಅಂಗಳಕ್ಕೆ ಇಳಿಯುತ್ತದೆ.

4

ಈ ಪುಸ್ತಕದಲ್ಲಿಯೇ ಮನೆಯ ನಿತ್ಯಪ್ರಾರ್ಥನೆಯ ವಿಧಿ ಅಡಕವಾಗಿದೆ. ಬೆಳಿಗ್ಗೆ ಎದ್ದೊಡನೆ ಶಿಲುಬೆಯ ಗುರುತನ್ನು ಮಾಡಿಕೊಂಡು, ಮೊಣಕಾಲೂರಿ ಇಲ್ಲವೆ ನಿಂತು, ವಿಶ್ವಾಸಪ್ರಮಾಣವನ್ನೂ ಕರ್ತನ ಪ್ರಾರ್ಥನೆಯನ್ನೂ ಹೇಳಬೇಕು. ಬಯಸಿದರೆ ಒಂದು ಚಿಕ್ಕ ಪ್ರಾರ್ಥನೆಯನ್ನು ಸೇರಿಸಬಹುದು. ಆಮೇಲೆ ಒಂದು ಹಾಡನ್ನು ಹಾಡಿ ಸಂತೋಷದಿಂದ ಕೆಲಸಕ್ಕೆ ಹೋಗಬೇಕು. ರಾತ್ರಿಯೂ ಇದೇ ಕ್ರಮ. ಬಳಿಕ ನಿಶ್ಚಿಂತೆಯಿಂದ ಮಲಗಬೇಕು. ಊಟದ ಮೊದಲು ಮಕ್ಕಳೂ ಮನೆಯವರೂ ಕೈಮುಗಿದು ಮೇಜಿನ ಬಳಿ ಬಂದು 145ನೆಯ ಕೀರ್ತನೆಯ ಎರಡು ವಚನಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಹೇಳುತ್ತಾರೆ. ಊಟವಾದ ಮೇಲೆ ಕೃತಜ್ಞತೆ ಸಲ್ಲಿಸುತ್ತಾರೆ. ಈ ವಿಧಿಗೆ ಗುರುವೂ ಬೇಡ, ವೇದಿಯೂ ಬೇಡ, ಹೆಚ್ಚು ಹೊತ್ತೂ ಬೇಡ.

ದೇವಾಲಯಕ್ಕೂ ಮನೆಗೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ. ಭಾನುವಾರ ಸಭೆಯವರು ಹಾಡುವ ವಿಶ್ವಾಸಪ್ರಮಾಣವೇ ಮನೆಯಲ್ಲಿ ದಿನವೂ ಬೆಳಿಗ್ಗೆ ಮತ್ತು ರಾತ್ರಿ ಹೇಳುವುದು. ಗುರುವು ಉಪದೇಶವಾದ ಮೇಲೆ ವಿವರಿಸುವ ಪ್ರಾರ್ಥನೆಯೇ ಊಟದ ಮೇಜಿನ ಪ್ರಾರ್ಥನೆ. ಉಪದೇಶದಿಂದ ಏನನ್ನು ಕಲಿತು ಬಂದಿರೆಂದು ಮಕ್ಕಳನ್ನೂ ಆಳುಗಳನ್ನೂ ಮನೆಯಲ್ಲಿ ಪ್ರಶ್ನಿಸಬೇಕೆಂದು ಲೂಥರನು 1526ರಲ್ಲಿಯೇ ಸೂಚಿಸಿದ್ದನು. ಮಗುವಿನ ಮನಸ್ಸಿನಲ್ಲಿ ನಂಬಿಕೆಯದೊಂದು, ಪ್ರೀತಿಯದೊಂದು, ಹೀಗೆ ಎರಡು ಚೀಲಗಳಿರಲಿ. ಕೇಳಿ ತಂದ ವಾಕ್ಯಗಳನ್ನು ನಾಣ್ಯಗಳಂತೆ ಅವುಗಳಲ್ಲಿ ವಿಂಗಡಿಸಿ ಹಾಕಿಕೊಳ್ಳಲಿ ಎಂಬ ಉಪಾಯವನ್ನೂ ಅವನು ಹೇಳಿಕೊಟ್ಟನು. ಕಾಯಿಲೆಯಿಂದ ದೇವಾಲಯಕ್ಕೆ ಹೋಗಲಾರದ ದಿನಗಳಲ್ಲಿ ಅವನು ತನ್ನ ಮನೆಯವರಿಗೆ ಮಾಡಿದ ಉಪದೇಶಗಳನ್ನು ಫೈಟ್ ಡೀಟ್ರಿಖನು ಬರೆದಿಟ್ಟುಕೊಂಡು 1544ರಲ್ಲಿ ಪ್ರಕಟಿಸಿದನು.

5

ಈ ಏರ್ಪಾಡು ಫಲಿಸಿತೇ? ತನಿಖೆಯ ದಾಖಲೆಗಳನ್ನು ಪರಿಶೀಲಿಸಿದ ಇತಿಹಾಸಕಾರ ಜೆರಾಲ್ಡ್ ಸ್ಟ್ರೌಸರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಇದು ಬಹುಮಟ್ಟಿಗೆ ವಿಫಲವಾಯಿತೆಂದು ವಾದಿಸಿದರು. ತಪ್ಪುಗಳನ್ನು ಹುಡುಕಲೆಂದೇ ಹೋದ ಅಧಿಕಾರಿಗಳ ವರದಿಯಲ್ಲಿ ತಪ್ಪುಗಳೇ ಹೆಚ್ಚಾಗಿ ಕಾಣುವುದು ಸಹಜವೆಂದು ಬೇರೆ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಕಾಲಾವಕಾಶ ದೊರೆತಲ್ಲಿ ಫಲ ಬೇರೆಯಾಯಿತೆಂಬುದಕ್ಕೆ ಸ್ವೀಡನ್ ದೇಶ ಸಾಕ್ಷಿ. ಅಲ್ಲಿಯ 1686ರ ಸಭಾಶಾಸನವು ಮಕ್ಕಳೂ ಆಳುಗಳೂ ಓದಲು ಕಲಿಯಬೇಕೆಂದು ವಿಧಿಸಿತು. ಗುರುವು ಮನೆಮನೆಯವರನ್ನು ಪರೀಕ್ಷಿಸಿ, ಅವರ ಓದನ್ನೂ ಪ್ರಶ್ನೋತ್ತರಿಯ ಜ್ಞಾನವನ್ನೂ ದಾಖಲೆಯಲ್ಲಿ ಗುರುತು ಹಾಕುತ್ತಿದ್ದನು. 1842ರಲ್ಲಿ ಪ್ರಾಥಮಿಕ ಶಾಲೆಗಳ ಶಾಸನ ಬರುವುದಕ್ಕೆ ಮುಂಚೆಯೇ ಅಲ್ಲಿ ಓದುಬಲ್ಲವರು ಬಹುಸಂಖ್ಯಾತರಾಗಿದ್ದರು. ಬರೆಯಬಲ್ಲವರು ಮಾತ್ರ ಕಡಮೆ. ಹೆಂಗಸರೂ ಗಂಡಸರಂತೆಯೇ ಓದು ಕಲಿತುದು ಈ ಪದ್ಧತಿಯ ಹಿರಿಮೆ. ಆದರೆ ಭಕ್ತಿಯು ಪರೀಕ್ಷೆಯಾಗಿ, ಪ್ರಾರ್ಥನೆಯು ಕಟ್ಟಳೆಯಾಗಿ ಮಾರ್ಪಟ್ಟುದು ಅದಕ್ಕೆ ತೆತ್ತ ಬೆಲೆಯೆಂಬುದನ್ನೂ ಮರೆಯಲಾಗದು.

ಭಾರತಕ್ಕೆ ಈ ಕ್ರಮ ಬಂದುದು 1706ರ ಜುಲೈ ತಿಂಗಳಲ್ಲಿ ತರಂಗಂಬಾಡಿಗೆ ಬಂದಿಳಿದ ಬಾರ್ತೊಲೊಮೇಯುಸ್ ತ್ಸೀಗೆನ್‌ಬಾಲ್ಗ್ ಮತ್ತು ಹೈನ್ರಿಖ್ ಪ್ಲ್ಯುಟ್ಷೌ ಎಂಬವರಿಂದ. ತ್ಸೀಗೆನ್‌ಬಾಲ್ಗನು ಸಣ್ಣ ಪ್ರಶ್ನೋತ್ತರಿಯನ್ನು ತಮಿಳಿಗೆ ತಂದನು. ಅನಂತರ ತಂಜಾವೂರಿನ ಲೂಥರನ್ ಕವಿ ವೇದನಾಯಗಂ ಶಾಸ್ತ್ರಿ (1774–1864) ಕರ್ನಾಟಕ ಸಂಗೀತದ ಧಾಟಿಯಲ್ಲಿ ಕೀರ್ತನೆಗಳನ್ನು ರಚಿಸಿದನು. ಮಾತೂ ರಾಗವೂ ತಾಯ್ನುಡಿಯ ಒಳಗಿನಿಂದ ಬರಬೇಕೆಂಬ 1525ರ ತತ್ವ ಇಲ್ಲಿ ಬೇರೊಂದು ನಾಡಿನಲ್ಲಿ ಸಿದ್ಧಿಸಿತೆನ್ನಬಹುದು. ಕನ್ನಡನಾಡಿನಲ್ಲಿ 1834ರಿಂದ ಕೆಲಸ ಮಾಡಿದ ಬಾಸೆಲ್ ಮಿಷನ್ ಶುದ್ಧ ಲೂಥರನ್ ಸಂಸ್ಥೆಯಲ್ಲ. ಲೂಥರನ್ ಮತ್ತು ರಿಫಾರ್ಮ್ಡ್ ಪಂಥಗಳವರಿಬ್ಬರೂ ಅದರಲ್ಲಿ ಸೇರಿದ್ದರು. ಆದರೂ ಅದರ ಹರ್ಮನ್ ಮೋಗ್ಲಿಂಗ್ ಲೂಥರನ್ ನಾಡಾದ ವ್ಯುರ್ಟೆಂಬರ್ಗಿನವನು. ಫರ್ಡಿನೆಂಡ್ ಕಿಟ್ಟೆಲನು 1862ರಲ್ಲಿ ‘ಕಥಾಮಾಲೆ’ಯನ್ನು ದೇಶೀಯ ಛಂದಸ್ಸಿನಲ್ಲಿ ಬರೆದುದರ ಹಿಂದೆಯೂ ಇಂಥದೇ ಭಾಷಾಚಿಂತೆ ಕಾಣುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಲೂಥರನ್ ಆರಾಧನೆಯ ವೈಶಿಷ್ಟ್ಯವು ಅದು ಜನರ ಭಾಷೆಯಲ್ಲಿದೆ ಎಂಬುದರಲ್ಲಿ ಮಾತ್ರ ಇಲ್ಲ. ಆ ಭಾಷೆಯಲ್ಲಿ ಹೇಳಿದುದನ್ನು ಮನೆಯಲ್ಲಿ ಮತ್ತೆ ಹೇಳಿ, ಕೇಳಿ, ಅರ್ಥವನ್ನು ವಿಚಾರಿಸುವ ಹೊಣೆಯನ್ನು ಗೃಹಸ್ಥನ ಮೇಲೆ ಹಾಕಿದುದರಲ್ಲಿ ಅದು ಇದೆ. ಮನೆಯಲ್ಲಿ ಈ ಪ್ರಶ್ನೆ ನಿಂತುಹೋದರೆ ಭಾನುವಾರದ ಆರಾಧನೆ ತಾಯ್ನುಡಿಯಲ್ಲಿದ್ದೂ ಹಳೆಯ ಲ್ಯಾಟಿನ್ ಪೂಜೆಯಂತೆ ಕೇವಲ ನೋಡುವ ವಸ್ತುವಾಗುತ್ತದೆ. ಪ್ರಶ್ನೆ ಉಳಿದು, ಉತ್ತರ ಮಾತ್ರ ಬಾಯಿಪಾಠದ ಮಾತಾಗಿ ನಿಂತರೂ ಫಲ ಅಷ್ಟೇ. ಮಾತೃಭಾಷೆಯಲ್ಲಿ ಬೋಧಿಸಿದ ಮಾತ್ರಕ್ಕೆ ವಿಷಯ ತಿಳಿದಂತಾಯಿತೆಂದು ನಂಬಲು ಹೊರಡುವ ಅಧ್ಯಾಪಕರಾದ ನಮಗೂ 1528ರ ಆ ತನಿಖೆಯಲ್ಲಿ ಕಲಿಯತಕ್ಕ ಪಾಠವಿದೆ.