ವಿದ್ಯುನ್ಮಾಪನದಲ್ಲಿ ಕ್ರಮವಿಧಿಗೆ ಒಳಪಟ್ಟ ಸ್ವಿಚ್ಚು

ತೆಳುಪೊರೆಯೊಂದರ ವಿದ್ಯುದ್ರೋಧವನ್ನು ನಿಷ್ಕರ್ಷಿಸಬೇಕಾದರೆ ಅದರ ಅಂಚಿನಲ್ಲಿ ನಾಲ್ಕು ಸಂಪರ್ಕಗಳನ್ನು ಕೂಡಿಸಿ, ಎರಡರ ಮೂಲಕ ಪ್ರವಾಹವನ್ನು ಹರಿಸಿ, ಉಳಿದೆರಡರ ನಡುವಣ ವಿಭವಾಂತರವನ್ನು ಅಳೆಯುವುದು ರೂಢಿ. ವಾನ್ ಡೆರ್ ಪಾವ್ 1958ರಲ್ಲಿ ಪ್ರಕಟಿಸಿದ ಈ ವಿಧಾನದ ಸೊಗಸೆಂದರೆ, ಪೊರೆಯು ಒಂದೇ ಸಮನಾದ ದಪ್ಪವುಳ್ಳದ್ದಾಗಿ, ರಂಧ್ರರಹಿತವಾಗಿದ್ದು, ಸಂಪರ್ಕಗಳು ಅಂಚಿನಲ್ಲಿಯೇ ಚಿಕ್ಕದಾಗಿದ್ದರೆ, ಅದರ ಆಕಾರ ಹೇಗಿದ್ದರೂ ಬಾಧಕವಿಲ್ಲ. ಆದರೆ ಸಂಪರ್ಕಗಳನ್ನು ನಾಲ್ಕು ಬಗೆಯಾಗಿ ಬದಲಿಸಿ, ಪ್ರತಿಯೊಂದರಲ್ಲಿಯೂ ಪ್ರವಾಹದ ದಿಕ್ಕನ್ನು ತಿರುಗಿಸಿ, ಒಟ್ಟು ಎಂಟು ಸಲ ಅಳೆಯಬೇಕು. ತಂತಿಗಳನ್ನು ಕೈಯಿಂದ ಕಿತ್ತು ಜೋಡಿಸುತ್ತ ಕುಳಿತರೆ ಒಂದೇ ಪೊರೆಗೆ ಮಧ್ಯಾಹ್ನವೆಲ್ಲ ಸಂದುಹೋಗುತ್ತದೆ.

ಈ ಶ್ರಮವನ್ನು ನೀಗುವ ಉಪಕರಣಗಳಲ್ಲಿ ಕೀತ್ಲಿ 7001 ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಹಿಂಬದಿಯಲ್ಲಿ ಎರಡು ಕಾರ್ಡುಗಳಿಗೆ ಎಡೆಯಿದೆ. 7012 ಎಂಬ ಕಾರ್ಡಿನಲ್ಲಿ 4 ಅಡ್ಡಸಾಲುಗಳೂ 10 ಕಂಬಸಾಲುಗಳೂ ಇದ್ದು, ಅವು ಸಂಧಿಸುವ 40 ಎಡೆಗಳಲ್ಲಿ ಒಂದೊಂದು ರಿಲೇ ಇರುತ್ತದೆ. ಪ್ರವಾಹಮೂಲದ ಎರಡು ತುದಿಗಳನ್ನೂ ವೋಲ್ಟ್‌ಮೀಟರಿನ ಎರಡು ತುದಿಗಳನ್ನೂ ನಾಲ್ಕು ಅಡ್ಡಸಾಲುಗಳಿಗೆ ಸೇರಿಸಿ, ಪೊರೆಯ ನಾಲ್ಕು ಸಂಪರ್ಕಗಳನ್ನು ಮೊದಲ ನಾಲ್ಕು ಕಂಬಸಾಲುಗಳಿಗೆ ಸೇರಿಸಿದರೆ, ಬಳಿಕ ತಂತಿಯನ್ನು ಮುಟ್ಟಬೇಕಾದ ಪ್ರಮೇಯವಿಲ್ಲ. ಪ್ರತಿಯೊಂದು ಸಂಧಿಗೂ ಮೂರು ಅಂಕಗಳ ವಿಳಾಸವುಂಟು: ಕಾರ್ಡಿನ ಸ್ಥಾನ, ಅಡ್ಡಸಾಲು, ಕಂಬಸಾಲು. ನಾಲ್ಕು ಸಂಧಿಗಳನ್ನು ಒಮ್ಮೆಗೆ ಮುಚ್ಚಿದರೆ ಒಂದು ಜೋಡಣೆ ಸಿದ್ಧ. ಇಂತಹ 100 ಜೋಡಣೆಗಳನ್ನು ಯಂತ್ರದ ಸ್ಮೃತಿಯಲ್ಲಿ ಇಟ್ಟುಕೊಂಡು, ಬೇಕಾದ ಅನುಕ್ರಮದಲ್ಲಿ ಕರೆಯಬಹುದು. ಕರೆಯುವವನು ಮುಂಭಾಗದ ಗುಂಡಿಗಳನ್ನೊತ್ತುವ ಮನುಷ್ಯನಾಗಬಹುದು, ಇಲ್ಲವೆ ತಂತಿಯ ಮೂಲಕ ಆಜ್ಞೆ ಕಳುಹಿಸುವ ಗಣಕವಾಗಬಹುದು. ಇಷ್ಟನ್ನು ಕಲಿಯಲು ಒಂದು ದಿನ ಸಾಕು.

ಕಷ್ಟವಿರುವುದು ಬೇರೆಡೆ. ಸ್ವಿಚ್ಚು ಮಾಪನದ ಹೊರಗಿನ ಸೇವಕನೆಂದು ನಾವು ಭಾವಿಸುತ್ತೇವೆ; ವಾಸ್ತವವಾಗಿ ಅದು ಮಂಡಲದ ಒಂದು ಭಾಗ. ನಮ್ಮ ಮೊದಲ ಕ್ರಮವಿಧಿಯಲ್ಲಿ ಕಾಲವನ್ನುಳಿಸುವ ಆಸೆಯಿಂದ ಪ್ರವಾಹದ ದಿಕ್ಕನ್ನು ತಿರುಗಿಸುವ ಹೆಜ್ಜೆಯನ್ನು ಬಿಟ್ಟಿದ್ದೆವು. 1, 2ರ ಮೂಲಕ 1 ಮಿಲಿಆಂಪಿಯರ್ ಹರಿಸಿ 3, 4ರ ನಡುವೆ ಅಳೆದಾಗ 13 ಮೈಕ್ರೋವೋಲ್ಟ್ ದೊರೆಯಿತು. 3, 4ರ ಮೂಲಕ ಹರಿಸಿ 1, 2ರ ನಡುವೆ ಅಳೆದಾಗ 9 ದೊರೆಯಿತು. ಪರಸ್ಪರತೆಯ ನಿಯಮದಂತೆ ಇವೆರಡೂ ಸಮನಾಗಿರಬೇಕು. ಪೊರೆಯ ಸಂಪರ್ಕಗಳೇ ಕೆಟ್ಟಿವೆಯೆಂದು ತಿಳಿದು ಅವುಗಳನ್ನು ಎರಡು ಸಲ ಹೊಸದಾಗಿ ಬೆಸೆದೆವು. ಫಲ ಅದೇ.

ದೋಷ ಪೊರೆಯದಲ್ಲ, ಯಂತ್ರದ್ದೂ ಅಲ್ಲ, ನಮ್ಮ ಅವಸರದ್ದು. ಎರಡು ಭಿನ್ನ ಲೋಹಗಳು ಕೂಡುವೆಡೆಗಳಲ್ಲಿ ಉಷ್ಣತೆ ವ್ಯತ್ಯಾಸವಾದರೆ ವಿಭವ ಹುಟ್ಟುತ್ತದೆಂಬುದನ್ನು ಸೀಬೆಕ್ 1821ರಷ್ಟು ಹಿಂದೆಯೇ ಕಂಡಿದ್ದ. ತಾಮ್ರಕ್ಕೂ ಕೋವಾರ್ ಮಿಶ್ರಲೋಹಕ್ಕೂ ಒಂದು ಡಿಗ್ರಿ ಸೆಲ್ಸಿಯಸ್ ಅಂತರಕ್ಕೆ ಅದು ಸುಮಾರು 40 ಮೈಕ್ರೋವೋಲ್ಟ್. ರಿಲೇಯ ಸುರುಳಿಯಲ್ಲಿ ಪ್ರವಾಹ ಹರಿಯುತ್ತಿರುವಾಗ ಅದು ಮೆಲ್ಲಗೆ ಬಿಸಿಯೇರುವುದರಿಂದ, ಡಿಗ್ರಿಯ ಹತ್ತನೆಯ ಒಂದಂಶವೂ ನಮ್ಮ ಅಳತೆಯನ್ನು ಕೆಡಿಸಲು ಸಾಕು. ದಿಕ್ಕನ್ನು ತಿರುಗಿಸಿ ಅಳೆದಾಗ ಮೊದಲ ಜೋಡಣೆಯಲ್ಲಿ −7, ಎರಡನೆಯದರಲ್ಲಿ −11 ಬಂದಿತು. ಪ್ರತಿಯೊಂದರ ವ್ಯತ್ಯಾಸದ ಅರ್ಧ 10 ಮೈಕ್ರೋವೋಲ್ಟ್, ಅಂದರೆ 10 ಮಿಲಿಓಮ್. ಬಗೆಬಗೆಯ ಜೋಡಣೆಗಳಲ್ಲಿಯೂ ಇದೇ ಬೆಲೆ ಬಂದುದರಿಂದ ಚದರವೊಂದರ ರೋಧ ಅದರ 4.53ರಷ್ಟು, ಎಂದರೆ 45.3 ಮಿಲಿಓಮ್. ಮೊದಲ ಅಳತೆಯೊಂದನ್ನೇ ನಂಬಿದ್ದರೆ 58.9 ಎಂದು ಬರೆಯುತ್ತಿದ್ದೆವು! ನಮ್ಮ ವಿದ್ಯಾರ್ಥಿಯೊಬ್ಬನ ಎರಡು ತಿಂಗಳ ಅಂಕಿಗಳು ಹೀಗೆಯೇ ಶೇಖರವಾಗಿದ್ದವು, ಅವನ್ನೆಲ್ಲ ಬದಿಗಿಡಬೇಕಾಯಿತು.

ದಿಕ್ಕನ್ನು ತಿರುಗಿಸುವಾಗ ವೋಲ್ಟ್‌ಮೀಟರಿನ ಸಂಧಿಗಳನ್ನು ತೆರೆಯಕೂಡದು. ತೆರೆದು ಮುಚ್ಚಿದರೆ ಉಷ್ಣವಿಭವ ಮೊದಲಿನಷ್ಟೇ ಇರುವುದೆಂಬ ಭರವಸೆಯಿಲ್ಲ. ಆಗ ಕಳೆಯುವ ಲೆಕ್ಕವೂ ವ್ಯರ್ಥ. ಪ್ರವಾಹಮೂಲದಲ್ಲಿಯೇ ಚಿಹ್ನೆಯನ್ನು ಬದಲಿಸುವುದು ಲೇಸು.

ಅಧಿಕ ರೋಧದ ಪದಾರ್ಥಗಳಲ್ಲಿ ತೊಡಕು ಬೇರೆ ಬಗೆಯದು. ರಿಲೇ ಮುಚ್ಚಿಕೊಳ್ಳಲು ಕೆಲವೇ ಮಿಲಿಸೆಕೆಂಡು ಸಾಕಾದರೂ ಕೇಬಲ್ಲು ತುಂಬಿಕೊಳ್ಳಲು ಸಾಲದು. 100 ಕೋಟಿ ಓಮ್‌ನ ಮಾದರಿಗೆ 100 ಪಿಕೋಫ್ಯಾರಡ್ ಧಾರಣೆಯ ಕೇಬಲ್ಲು ಸೇರಿದರೆ ಕಾಲಾಂಕ 0.1 ಸೆಕೆಂಡು. ಅದರ ಐದರಷ್ಟು ಕಾದರೂ ಸುಮಾರು ಶೇಕಡ 0.7 ಕೊರತೆ ಉಳಿಯುತ್ತದೆ. ಏಳರಷ್ಟು ಕಾದರೆ ಶೇಕಡ 0.1ಕ್ಕಿಂತ ಕಡಿಮೆ. ಈ ವಿಳಂಬವನ್ನು ಕ್ರಮವಿಧಿಯಲ್ಲಿ ನಾವೇ ಬರೆಯತಕ್ಕದ್ದು.

ಹಳೆಯ ಜೋಡಣೆಯನ್ನು ತೆರೆದ ಬಳಿಕವೇ ಹೊಸದನ್ನು ಮುಚ್ಚುವುದು ಸಾಮಾನ್ಯ ನಿಯಮ. ಇಲ್ಲದಿದ್ದರೆ ಕ್ಷಣಕಾಲ ಎರಡು ಮಾರ್ಗಗಳು ಒಂದಕ್ಕೊಂದು ಕೂಡಿಬಿಡುತ್ತವೆ. ಆದರೆ ಸ್ಥಿರಪ್ರವಾಹದ ಮೂಲಕ್ಕೆ ದಾರಿ ಕಡಿದಾಗ ಅದು ತನ್ನ ವಿಭವವನ್ನು ಮಿತಿಯವರೆಗೂ ಏರಿಸುತ್ತದೆ. ಮುಂದಿನ ಸಂಧಿ ಮುಚ್ಚಿದೊಡನೆ ಆ ಹೊಡೆತ ಪೊರೆಯ ಮೇಲೆ ಬೀಳುತ್ತದೆ. ಆದುದರಿಂದ ಪ್ರತಿ ಬದಲಾವಣೆಗೂ ಮುನ್ನ ಪ್ರವಾಹವನ್ನು ಸೊನ್ನೆಗಿಳಿಸಿ, ಸಂಧಿಗಳನ್ನು ಬದಲಿಸಿ, ಮತ್ತೆ ಏರಿಸಿ, ಕಾದು, ಓದಿಕೊಳ್ಳಬೇಕು. ಇದರಿಂದ ರಿಲೇಗಳ ಆಯುಸ್ಸೂ ಹೆಚ್ಚುತ್ತದೆ.

ಈಗ ನಮ್ಮಲ್ಲಿ ದಿನದ ಕೆಲಸಕ್ಕೆ ಮೊದಲು ಯಂತ್ರವನ್ನು ಒಂದು ಗಂಟೆ ಚಾಲನೆಯಲ್ಲಿಟ್ಟು, ಪೊರೆಯ ಬದಲು ನಾಲ್ಕು ಕಂಬಸಾಲುಗಳನ್ನೂ ಶುದ್ಧ ತಾಮ್ರದ ತುಂಡು ತಂತಿಯಿಂದ ಕೂಡಿಸಿ, ಪ್ರವಾಹವಿಲ್ಲದೆ ಎಲ್ಲ ಜೋಡಣೆಗಳನ್ನೂ ಒಮ್ಮೆ ಓಡಿಸುತ್ತೇವೆ. ಆಗ ಬರುವ ಅಂಕಿಗಳನ್ನು ದಿನಚರಿಯ ಮೊದಲ ಸಾಲಿನಲ್ಲಿ ಬರೆದಿಡುತ್ತೇವೆ. ಅವು 1 ಮೈಕ್ರೋವೋಲ್ಟನ್ನು ಮೀರಿದ್ದರೆ ಆ ದಿನ ತೆಳುಪೊರೆಯನ್ನು ಕೂಡಿಸುವುದಿಲ್ಲ.