ಮೊರವೇ ಪೆಟ್ಟಿಗೆ, ಸೆರಗೇ ಹೊದಿಕೆ

ಭಾದ್ರಪದ ಶುದ್ಧ ತದಿಗೆಯ ಗೌರಿ ಹಬ್ಬದಂದು ಹಳೆಯ ಮೈಸೂರು ಸೀಮೆಯ ಹೆಣ್ಣುಮಕ್ಕಳು ಕೊಡುವ ಮೊರದ ಬಾಗಿನವನ್ನು ಪೂಜೆಯ ಅಂಗವೆಂದು ಎಲ್ಲರೂ ಬಲ್ಲರು. ಉಡುಗೊರೆಯನ್ನು ಕಟ್ಟಿಕೊಡುವ ಒಂದು ವಿಧಾನವೆಂದು ಅದನ್ನು ನೋಡಿದವರು ಕಡಿಮೆ. ಅದಕ್ಕೆ ಬಣ್ಣದ ಕಾಗದ ಬೇಡ, ಅಂಟುಪಟ್ಟಿ ಬೇಡ, ರಿಬ್ಬನ್ ಬೇಡ. ಒಂದು ಮೊರದಲ್ಲಿ ಸಾಮಾನು, ಅದರ ಮೇಲೆ ಮುಚ್ಚಿದ ಇನ್ನೊಂದು ಮೊರ, ಸುತ್ತಲೂ ಅರಿಶಿನ ಹಚ್ಚಿದ ದಾರ, ಕೊಡುವಾಗ ಮೇಲೊಂದಿಷ್ಟು ಸೀರೆಯ ಸೆರಗು. ಇಷ್ಟಾದರೆ ಉಡುಗೊರೆ ಸಿದ್ಧ.

ಬಿದಿರಿನ ಮೊರವನ್ನು ತೊಳೆದು, ಅರಿಶಿನ ಬಳಿದು ಒಣಗಿಸಿ, ಕುಂಕುಮ ಇಡುತ್ತಾರೆ. ಒಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಹಣ್ಣು, ವೀಳ್ಯದೆಲೆ, ಅಡಿಕೆ, ಬಳೆ, ಕನ್ನಡಿ, ಬಾಚಣಿಗೆ, ಕರಿಮಣಿ, ರವಿಕೆಯ ಕಣ. ಬಾಗಿನ ಪಡೆದವರ ಮನೆಯಲ್ಲಿ ಅಕ್ಕಿ ಬೇಳೆ ಅಡುಗೆಗೆ, ಕಣ ಹೊಲಿಗೆಗೆ ಹೋಗುತ್ತವೆ. ಹೊದಿಕೆಯಾಗಿ ಬಂದ ಮೊರವೂ ಅಡುಗೆಮನೆ ಸೇರಿ ಕಾಳು ಕೇರಲು, ಹಪ್ಪಳ ಒಣಗಿಸಲು ಒದಗುತ್ತಿತ್ತು. ಬಿಚ್ಚಿದ ಮೇಲೆ ಬಿಸಾಡಲು ಉಳಿಯುತ್ತಿದ್ದುದು ಒಂದು ಎಳೆ ದಾರ ಮಾತ್ರ. ಹೊದಿಕೆಯೂ ಉಡುಗೊರೆಯ ಒಂದು ಭಾಗ ಎಂಬುದೇ ಈ ಪದ್ಧತಿಯ ಜೀವಾಳ.

ಹೊಯ್ಸಳರ ಕಾಲದ ಕೊಳಕ್ಕೆ ಹೆಸರಾದ ಹುಲಿಕೆರೆ, ಹಳೇಬೀಡು, ಬೇಲೂರು, ಅರಸೀಕೆರೆಯ ಈ ಭಾಗದಲ್ಲಿ ಗೌರಿ ಹಬ್ಬಕ್ಕೆ ವಿಶೇಷ ಸ್ಥಾನವಿದೆ. ಅರಸೀಕೆರೆ ತಾಲ್ಲೂಕಿನ ಮಾಡಾಳು ಗ್ರಾಮದಲ್ಲಿ ಹಬ್ಬದಂದು ಸ್ವರ್ಣಗೌರಿಯನ್ನು ಪ್ರತಿಷ್ಠಾಪಿಸಿ ಜಾತ್ರೆ ನಡೆಸುತ್ತಾರೆ. ಊರೂರುಗಳಿಂದ ಬರುವ ಮಹಿಳೆಯರು ಗೌರಮ್ಮನಿಗೆ ಮಡಿಲಕ್ಕಿ ಅರ್ಪಿಸುತ್ತಾರೆ. ತವರಿನಿಂದ ಹೊರಡುವ ಮಗಳಿಗೂ ಇದೇ ಮಡಿಲಕ್ಕಿ. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆಯನ್ನು ಅವಳು ಉಟ್ಟ ಸೀರೆಯ ಸೆರಗಿಗೇ ತುಂಬಿ ಕಳಿಸುವುದು ರೂಢಿ. ಇಲ್ಲಿ ಹೊದಿಕೆಯನ್ನು ಹೊರಗಿನಿಂದ ತರುವ ಪ್ರಶ್ನೆಯೇ ಇಲ್ಲ; ಪಡೆಯುವವಳ ಬಟ್ಟೆಯೇ ಚೀಲ. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ತಾಂಬೂಲದೊಂದಿಗೆ ಕೊಡುವ ತೆಂಗಿನಕಾಯಿಗಂತೂ ಹೊದಿಕೆಯನ್ನು ಮರವೇ ಕೊಟ್ಟಿದೆ.

ಕಾಗದ ಬಂದದ್ದು ಹೇಗೆ?

ನಮ್ಮ ಹಳೆಯ ಉಡುಗೊರೆಗಳಲ್ಲಿ ಮುಚ್ಚುಮರೆ ಹೆಚ್ಚಿರಲಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನು, ಕೊಟ್ಟದ್ದೇನೆಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರ ಮನೆಯ ಶುಭಕಾರ್ಯಕ್ಕೆ ಅದನ್ನು ತೀರಿಸಬೇಕಲ್ಲ! ಒಳಗೇನಿದೆ ಎಂಬ ಕುತೂಹಲ ಹುಟ್ಟಿಸಲು ಬಣ್ಣದ ಕಾಗದ ಸುತ್ತುವುದು ಬೇರೆ ಕಡೆಯಿಂದ ಬಂದ ಅಭ್ಯಾಸ.

ಅದರ ಕಥೆಯೂ ಸ್ವಾರಸ್ಯಕರ. 1917ರ ಕ್ರಿಸ್‌ಮಸ್ ಸಮಯದಲ್ಲಿ ಅಮೆರಿಕದ ಕ್ಯಾನ್ಸಾಸ್ ಸಿಟಿಯ ಹಾಲ್ ಸಹೋದರರ ಅಂಗಡಿಯಲ್ಲಿ ಉಡುಗೊರೆ ಸುತ್ತುವ ತೆಳು ಕಾಗದ ಮುಗಿದುಹೋಯಿತು. ಲಕೋಟೆಗಳ ಒಳಗೆ ಅಂಟಿಸಲು ತರಿಸಿದ್ದ ಚಿತ್ತಾರದ ಫ್ರೆಂಚ್ ಕಾಗದವನ್ನೇ ಅವರು ಮಾರಾಟಕ್ಕಿಟ್ಟರು. ಅದು ಬಿಸಿದೋಸೆಯಂತೆ ಖರ್ಚಾಯಿತು. ಮುಂದೆ 'ಹಾಲ್‌ಮಾರ್ಕ್' ಎಂದು ಹೆಸರಾದ ಸಂಸ್ಥೆ ಅದನ್ನೇ ದೊಡ್ಡ ಉದ್ಯಮವಾಗಿಸಿತು. 1930ರಲ್ಲಿ ಪಾರದರ್ಶಕ ಅಂಟುಪಟ್ಟಿ ಮಾರುಕಟ್ಟೆಗೆ ಬಂದ ಮೇಲೆ ದಾರ, ಗಂಟುಗಳ ಅಗತ್ಯವೂ ಕಡಿಮೆಯಾಯಿತು.

ಈ ಕಾಗದದ ಆಯಸ್ಸು ಕೆಲವು ಗಂಟೆಗಳು ಮಾತ್ರ. ಮಿರುಗುವ ಹಾಳೆಗಳಲ್ಲಿ ಅನೇಕವು ನಿಜಕ್ಕೂ ಪ್ಲಾಸ್ಟಿಕ್, ಇಲ್ಲವೇ ಪ್ಲಾಸ್ಟಿಕ್ ಲೇಪಿಸಿದ ಕಾಗದ. ಅವನ್ನು ಮರುಬಳಕೆಗೆ ತರುವುದು ಕಷ್ಟ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾದ ವಸ್ತುಗಳ ಪಟ್ಟಿಯಲ್ಲಿ ಸಿಹಿತಿಂಡಿ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಸೇರಿದೆ.

ಮೊರಕ್ಕೂ ಕಷ್ಟ

ಹಾಗೆಂದು ಹಳೆಯದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಅಂಗಡಿಯಿಂದ ಶುದ್ಧಮಾಡಿದ ಅಕ್ಕಿಯೇ ಬರುವಾಗ ಮೊರದಿಂದ ಕೇರುವ ಕೆಲಸವೆಲ್ಲಿ? ಹಬ್ಬಕ್ಕೆಂದೇ ಬರುವ ಅಂಗೈ ಅಗಲದ ಪುಟ್ಟ ಮೊರಗಳಲ್ಲಿ ಹಿಡಿ ಕಾಳನ್ನೂ ಕೇರಲಾಗದು. ಪ್ಲಾಸ್ಟಿಕ್ ಮೊರಗಳೂ ಬಂದಿವೆ. ಬಿದಿರು ಸೀಳಿ ಹೆಣೆಯುವ ಮೇದರ ದುಡಿಮೆಗೆ ಇವು ನೇರ ಪೈಪೋಟಿ. ಬಾಗಿನದಲ್ಲಿ ಬಂದ ಕಣವೂ ಎಷ್ಟೋ ಮನೆಗಳಲ್ಲಿ ಹೊಲಿಗೆ ಕಾಣದೆ ಮುಂದಿನ ಮನೆಯ ಬಾಗಿನಕ್ಕೆ ಸಾಗುತ್ತದೆ.

ಬಾಗಿನ ನೀರಿಗೂ ಸಲ್ಲುತ್ತದೆ. ಕೆರೆ ಕೋಡಿ ಬಿದ್ದಾಗ ಊರಿನವರು ಬಾಗಿನ ಬಿಡುತ್ತಾರೆ. ಕೃಷ್ಣರಾಜಸಾಗರದ ನೀರಿನ ಮಟ್ಟ 124.80 ಅಡಿ ಮುಟ್ಟಿ ಅಣೆಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಅರ್ಪಿಸುವುದು ವಾಡಿಕೆ. ನೀರು ಸೇರಿದ ಬಿದಿರು ಕೊಳೆತು ಮಣ್ಣಾಗುತ್ತದೆ. ಪ್ಲಾಸ್ಟಿಕ್ಕಿನ ಮೊರ, ಬಳೆ, ಬಾಚಣಿಗೆಗಳು ಹಾಗೆಯೇ ಉಳಿಯುತ್ತವೆ. ನೀರಿಗೆ ಸಲ್ಲಿಸುವ ಗೌರವವೇ ನೀರಿಗೆ ಹೊರೆಯಾದರೆ ಆಚರಣೆಗೆ ಅರ್ಥವೇನು?

ಆದ್ದರಿಂದ ಮೊರಕ್ಕಿಂತಲೂ ಮುಖ್ಯವಾದುದು ಅದರ ಹಿಂದಿನ ಸೂತ್ರ: ಪಡೆದವರಿಗೆ ಮತ್ತೆ ಉಪಯೋಗಕ್ಕೆ ಬರುವಂಥದ್ದೇ ಹೊದಿಕೆಯಾಗಲಿ. ಇಂದಿನ ಮನೆಗೆ ಅದು ಹತ್ತಿಯ ಕೈಚೀಲವಾಗಬಹುದು, ಸ್ಟೀಲ್ ಡಬ್ಬಿಯಾಗಬಹುದು, ಒಂದು ಟವೆಲ್ ಆಗಬಹುದು. ಹೊಲಕ್ಕೆ ಹೊರಟವರು ಬುತ್ತಿ ಕಟ್ಟುತ್ತಿದ್ದ ರೀತಿಯೇ ಸಾಕು. ಚೌಕ ಬಟ್ಟೆಯ ನಡುವೆ ವಸ್ತುವನ್ನು ಮೂಲೆಯಿಂದ ಮೂಲೆಗೆ ಇಟ್ಟು, ಎದುರುಬದುರಿನ ಎರಡು ಮೂಲೆಗಳನ್ನು ಮಡಚಿ, ಉಳಿದೆರಡನ್ನು ಮೇಲೆ ಗಂಟು ಹಾಕಬೇಕು. ಬಟ್ಟೆ ಮೂಲೆಯಿಂದ ಮೂಲೆಗೆ ವಸ್ತುವಿನ ಉದ್ದದ ಮೂರರಷ್ಟಿದ್ದರೆ ಗಂಟು ಸಲೀಸಾಗಿ ಬರುತ್ತದೆ.

ಜಪಾನಿನಲ್ಲಿ ಈ ಗಂಟಿಗೆ ಫುರೊಶಿಕಿ ಎಂಬ ಹೆಸರಿದೆ. ಅಲ್ಲಿಯೂ ಇದು ಮರೆಯಾಗುತ್ತಿದ್ದಾಗ, 2006ರಲ್ಲಿ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ಅದರ ಬಳಕೆಯನ್ನು ಮತ್ತೆ ಪ್ರಚಾರ ಮಾಡಿದರು. ನಮ್ಮಲ್ಲಿ ಅದಕ್ಕೆ ಸಚಿವರು ಬೇಕಾಗಿಲ್ಲ. ಬುತ್ತಿ ಗಂಟು ಕಟ್ಟಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅವರಿಂದ ಕಲಿತುಕೊಳ್ಳಲು ಐದು ನಿಮಿಷ ಸಾಕು.