ಗುರಿ ಮರೆಯದ ಕಣ್ಣಾಸ್ಪತ್ರೆ

ಬಡವರಿಗಾಗಿ ಎಂದು ಆರಂಭವಾದ ಖಾಸಗಿ ಆಸ್ಪತ್ರೆ ಬೆಳೆಬೆಳೆದಂತೆ ಬಡವರಿಂದ ದೂರವಾಗುವುದುಂಟು. ಕಟ್ಟಡ, ಯಂತ್ರ, ಸಂಬಳ ಎಲ್ಲಕ್ಕೂ ಹಣ ಬೇಕು. ಹಣ ಕೊಡುವ ರೋಗಿಯ ಕಡೆಗೆ ಗಮನ ತಾನಾಗಿಯೇ ವಾಲುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಹೇಗೆ? ಮಧುರೈಯ ಅರವಿಂದ ಕಣ್ಣಾಸ್ಪತ್ರೆ ಇದಕ್ಕೊಂದು ದಾರಿ ತೋರಿಸಿದೆ. ತಾಳವಾಡಿ, ನೀಲಗಿರಿಯ ಕೇಳುಗರು ಕೊಯಮತ್ತೂರಿನಲ್ಲಿ ಅದರ ಶಾಖೆಯನ್ನು ನೋಡಿರಬಹುದು.

ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದಾಗ ಅವರಿಗೆ 58 ವರ್ಷ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಂದಲೇ ಶಸ್ತ್ರಚಿಕಿತ್ಸೆ ಮಾಡುವುದನ್ನು ರೂಢಿಸಿಕೊಂಡಿದ್ದ ಅವರು 1976ರಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದರು. ಚಿಕಿತ್ಸೆಯಿಂದ ಹೋಗುವಂಥ ಕುರುಡು ಯಾರಲ್ಲೂ ಉಳಿಯಬಾರದು ಎಂಬುದೇ ಗುರಿ.

ಆ ಗುರಿಯನ್ನು ಅವರು ಆಸ್ಪತ್ರೆಯ ಲೆಕ್ಕಾಚಾರದೊಳಗೇ ಸೇರಿಸಿದರು. ಶಕ್ತರು ಕೊಟ್ಟ ಶುಲ್ಕದಲ್ಲಿ ಉಳಿದದ್ದರಿಂದ ಅಶಕ್ತರ ಚಿಕಿತ್ಸೆ ನಡೆಯಬೇಕು. ಹಣ ಕೊಡುವ ವಿಭಾಗವೋ ಉಚಿತ ವಿಭಾಗವೋ ಎಂಬುದನ್ನು ರೋಗಿಯೇ ಆರಿಸಿಕೊಳ್ಳುತ್ತಾನೆ. ಆದಾಯದ ಪತ್ರ ಕೇಳುವವರಿಲ್ಲ. ವೈದ್ಯರು ಸಂಬಳದವರು, ಸರದಿಯಂತೆ ಎರಡೂ ಕಡೆ ದುಡಿಯುತ್ತಾರೆ. ಕೋಣೆಯ ಸೌಕರ್ಯದಲ್ಲಿ ವ್ಯತ್ಯಾಸವಿದೆ, ಶಸ್ತ್ರಚಿಕಿತ್ಸೆ ಮಾಡುವ ಕೈ ಒಂದೇ.

ಹೀಗಿದ್ದೂ ಒಂದು ಕಠಿಣ ಪರೀಕ್ಷೆ ಬಂತು. ಪೊರೆ ಎಂದರೆ ಕಣ್ಣೊಳಗಿನ ಮಸೂರ ಮಬ್ಬಾಗುವುದು. ಅದನ್ನು ತೆಗೆದ ಮೇಲೆ ಹಿಂದೆ ದಪ್ಪ ಸೋಡಾಬುಡ್ಡಿ ಕನ್ನಡಕವೇ ಗತಿ. ಅದು ಒಡೆದರೆ ಗದ್ದೆಯ ಬದುವೂ ಸರಿಯಾಗಿ ಕಾಣದು. ಕಣ್ಣೊಳಗೇ ಕೂರಿಸುವ ಕೃತಕ ಮಸೂರ ಬಂದಾಗ ಅದನ್ನು ವಿದೇಶದಿಂದ ತರಿಸಬೇಕಿತ್ತು. ಬೆಲೆ ಬಡವರ ಕೈಗೆ ಎಟುಕುವಂತಿರಲಿಲ್ಲ. ಹಣವುಳ್ಳವರಿಗೆ ಮಸೂರ, ಇಲ್ಲದವರಿಗೆ ಕನ್ನಡಕ ಎಂದಾಯಿತು. ಒಂದೇ ಸೂರಿನಡಿ ಎರಡು ಬಗೆಯ ದೃಷ್ಟಿ! ಹಾಗೆಯೇ ಬಿಟ್ಟಿದ್ದರೂ ಆಸ್ಪತ್ರೆ ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ಗುರಿ ಸೋಲುತ್ತಿತ್ತು.

1992ರಲ್ಲಿ ಸಂಸ್ಥೆ ಆರೋಲ್ಯಾಬ್ ಎಂಬ ತನ್ನದೇ ತಯಾರಿಕಾ ಘಟಕವನ್ನು ತೆರೆದು ಮಸೂರ ಮಾಡತೊಡಗಿತು. ಆಮದು ಮಸೂರದ ಬೆಲೆಯ ಸುಮಾರು ಹತ್ತನೆಯ ಒಂದು ಭಾಗಕ್ಕೆ ಅದು ದೊರೆಯುವಂತಾಯಿತು. ಉಚಿತ ವಿಭಾಗದ ರೋಗಿಗೂ ಮಸೂರ ದಕ್ಕಿತು.

ವೆಂಕಟಸ್ವಾಮಿಯವರು 2006ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಏರ್ಪಾಡು ಅವರ ನಂತರವೂ ಮುಂದುವರಿದಿದೆ. ನಮ್ಮ ಸುತ್ತಮುತ್ತ ಬಡವರ ಹೆಸರಿನಲ್ಲಿ ತೆರೆದ ಆಸ್ಪತ್ರೆಗಳಿದ್ದರೆ ಅವುಗಳ ಮುಂದೆಯೂ ಈ ಪ್ರಶ್ನೆ ಇಡಬಹುದು: ಹೊಸ ಚಿಕಿತ್ಸೆಯೊಂದು ಬಂದರೆ, ಹಣ ಕೊಡಲಾಗದವರ ಹಾಸಿಗೆಯನ್ನು ಅದು ಮುಟ್ಟುವುದು ಯಾವಾಗ?